ಮೇಡಂ ಉಂಡ ಅನ್ನ

ನಮ್ಮೂರಿನವರು ಹಂದಿ ಮಾಂಸ ಯಾಕೆ ತಿನ್ನುವುದಿಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ತಿನ್ನುವವರೂ ಇದ್ದಾರೆ ಎಂದು ನಾವು ಮೊದಲು ಹೇಳುತ್ತೇವೆ. ಆಮೇಲೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತೇವೆ. ಎದುರು ಮನೆಯ ಖುರ್ಷಿದಕ್ಕ, "ನಮಗೆ ಬೇಡ ಅಂತ ಹೇಳಿದಾರೆ ಕಣಮ್ಮ, ಮುಗೀತು. ನಿಮ್ಮ ಹಾಗೆ ಯೋಚನೆ ಮಾಡ್ಕೊಂಡು ಕೂರೋ ಕಷ್ಟ ನಮಗಿಲ್ಲ" ಅನ್ನುತ್ತಾರೆ. ಆಸ್ಪತ್ರೆಯ ಕಂಪೌಂಡರು ಕೊಬ್ಬು ಜಾಸ್ತಿ ಅನ್ನುತ್ತಾರೆ. ಶಾಲೆಯ ಮೇಷ್ಟ್ರು ಚರಂಡಿಯ ಕಡೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಕುರಿ ಕೋಳಿ ಯಾವುದಕ್ಕೂ ಬೇಡವೆನ್ನದ ನಮ್ಮಂಥ ಮನೆಯವರು "ನಮ್ಮಲ್ಲಿ ನಡೆಯಲ್ಲ" ಅಂದುಬಿಡುತ್ತೇವೆ. ಇವೆಲ್ಲ ನಿಜವೇ. ಆದರೆ ಇವು ಬೇರೆ ಊರುಗಳಲ್ಲೂ ನಿಜ. ನಮ್ಮೂರಿನದೇ ಆದ ಕಾರಣ ಇನ್ನೊಂದಿದೆ. ಇಲ್ಲಿ ಹಂದಿ ತಿಂದವರ ಬಾಯಿಗೆ ಆ ಹಂದಿ ಉಂಡದ್ದೆಲ್ಲ ಬರುತ್ತದೆ.

ಒಂದು ತುಂಡು ಬಾಯಿಗಿಟ್ಟರೆ ಮೊದಲು ಬರುವುದು ನಿನ್ನೆ ಮೊನ್ನೆಯದು. ಅಗಿಯುತ್ತ ಹೋದಂತೆ ಹಳೆಯದು ಬರುತ್ತದೆ. ಯಾರ ಮನೆಯದೆಂದೂ ತಿಳಿಯುತ್ತದೆ. ಕತ್ತಲಲ್ಲಿ ನಮ್ಮ ಮನೆಯ ಮೆಟ್ಟಿಲು ಕಾಲಿಗೆ ತಿಳಿಯುವುದಿಲ್ಲವೇ, ಹಾಗೆ. ಹೆಚ್ಚಿನ ಮನೆಗಳ ಹಿಂಬಾಗಿಲಲ್ಲಿ ಕಲಗಚ್ಚಿನ ಮಡಕೆ ಇರುತ್ತದೆ. ಮಿಕ್ಕದ್ದು, ಹಳಸಿದ್ದು, ಸೀದದ್ದು ಎಲ್ಲ ಅದಕ್ಕೇ ಬೀಳುತ್ತದೆ. ಲೂರ್ದಮ್ಮ ಸಾಕಿ ಮಾರುವ ಹಂದಿಗಳು ಓಣಿಗೊಂದರಂತೆ ಬೆಳಗ್ಗೆ ಸಂಜೆ ಬಂದು ಖಾಲಿ ಮಾಡಿ ಹೋಗುತ್ತವೆ. ಹಾಗಾಗಿ ಹಂದಿ ತಿನ್ನುವುದೆಂದರೆ ಒಂದು ಇಡೀ ಓಣಿಯ ಅಡುಗೆಮನೆಗಳನ್ನು ಹೇಳದೆ ಕೇಳದೆ ಹೊಕ್ಕು ಬಂದ ಹಾಗೆ. ಮಗಳ ಮದುವೆಗೆ ತುಪ್ಪದ ಹೋಳಿಗೆ ಮಾಡಿಸಿದೆವೆಂದವರು ಡಾಲ್ಡಾ ಹಾಕಿಸಿದ್ದು, ಒಂದೇ ಮನೆಯ ಅತ್ತೆ ಸೊಸೆ ಬೇರೆ ಬೇರೆ ಅನ್ನ ಬೇಯಿಸಿಕೊಳ್ಳುತ್ತಿರುವುದು, ಸಕ್ಕರೆ ಕಾಯಿಲೆಯ ಯಜಮಾನರು ಬಚ್ಚಿಟ್ಟು ತಿಂದ ಜಿಲೇಬಿಯ ಚೂರು, ಎಲ್ಲ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೇಳುವ ಹಾಗಿಲ್ಲ. ಕೈ ತೊಳೆದು ಹೊರಗೆ ಬಂದು, ಆ ಓಣಿಯವರು ಎದುರಾದರೆ "ಉಪ್ಪು ಸರಿಯಾಗಿತ್ತು" ಅನ್ನಬೇಕು. ಅಷ್ಟೇ. ಅದು ನಮ್ಮೂರಿನ ಮರ್ಯಾದೆ. ಬಾಯಿ ಬಿಗಿಹಿಡಿಯುವ ಬುದ್ಧಿ ಬರುವವರೆಗೆ ಮಕ್ಕಳಿಗೆ ಹಂದಿ ಕೊಡುವುದಿಲ್ಲ. ಕೆಲವು ಗಂಡಸರಿಗೆ ತಲೆ ನೆರೆತ ಮೇಲೂ ಕೊಡುವುದಿಲ್ಲ.

ನಾನು ಈ ಊರಿಗೆ ಬಂದದ್ದು ಎರಡನೆಯ ಹೆಂಡತಿಯಾಗಿ. ನಮ್ಮ ಮನೆಯವರಿಗೆ ಬಸ್ ನಿಲ್ದಾಣದ ಹಿಂದೆ ಸೈಕಲ್ ರಿಪೇರಿ ಅಂಗಡಿ. ಅವರ ಮೊದಲ ಹೆಂಡತಿ ವನಜಾಕ್ಷಿ ಜ್ವರದಲ್ಲಿ ತೀರಿಕೊಂಡಿದ್ದಳು. ಮಗಳು ಚಂಪಾ ಎರಡನೆಯ ತರಗತಿಗೆ ಹೋಗುತ್ತಿದ್ದಳು. ನಾನು ಬಂದ ದಿನವೇ ನನ್ನ ಟ್ರಂಕು ಹಿಡಿದು ಒಳಗೆ ಎಳೆಯಲು ಕೈ ಜೋಡಿಸಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಹಟವಿಲ್ಲ, ಅಳುವಿಲ್ಲ. ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ, ಅದೊಂದೇ. ಏನಾದರೂ ಬೇಕಾದರೆ ನನಗೆ ಕಾಣುವ ಹಾಗೆ ಎದುರಿಗೆ ಬಂದು ನಿಲ್ಲುತ್ತಿದ್ದಳು.

ಮೊದಲ ದಿನ ಹುರುಳಿ ಸಾರು, ಮುದ್ದೆ ಮಾಡಿದ್ದೆ. "ಹಿಂದೆ ಕೂತ್ಕೊಂಡು ತಿನ್ಲಾ?" ಅಂದಳು. ಹಿತ್ತಲ ಮೆಟ್ಟಿಲಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು, ಆಗಲಿ ಅಂದೆ. ತಟ್ಟೆ ಖಾಲಿಯಾಗಿ ಬಂತು. ಮರುದಿನವೂ, ಅದರ ಮರುದಿನವೂ ಹಾಗೇ. ನನ್ನ ಕೈ ಅಡುಗೆ ಮಗುವಿಗೆ ಹಿಡಿಸಿತೆಂದು ತವರಿಗೆ ಹೇಳಿ ಕಳಿಸಿದೆ. ಆದರೆ ಮಗುವಿನ ಮಣಿಕಟ್ಟು ದಿನದಿನಕ್ಕೆ ಬಳೆಯೊಳಗೆ ಸಡಿಲವಾಗುತ್ತ ಬಂತು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ಕಣ್ಣು ಕತ್ತಲೆ ಬಂದು ಬಿದ್ದಳು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ಏನಮ್ಮ, ಮಗೂಗೆ ಊಟ ಹಾಕ್ತೀರೋ ಇಲ್ವೋ?" ಅಂದರು. "ತಟ್ಟೆ ತೊಳೆದ ಹಾಗೆ ತಿಂತಾಳೆ ಸಾರ್" ಅಂದೆ. ಅವರು ನನ್ನ ಮುಖ ನೋಡಿದರು. ಎರಡನೆಯವಳು ಅಂತ ಅವರಿಗೆ ಗೊತ್ತಿತ್ತು.

ಆ ಸಂಜೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ನೋಡಿದೆ. ನಮ್ಮ ಓಣಿಗೆ ಬರುತ್ತಿದ್ದುದು ಒಂದು ಮುದಿ ಹೆಣ್ಣು ಹಂದಿ. ಪ್ರತಿ ಹಿಂಬಾಗಿಲಲ್ಲೂ ನಿಂತು ಒಳಗೆ ಇಣುಕಿ ತಪಾಸಣೆ ಮಾಡುವುದು ಅದರ ಅಭ್ಯಾಸ, ಅದಕ್ಕೇ ಮಕ್ಕಳು ಅದನ್ನು ಮೇಡಂ ಅನ್ನುತ್ತಿದ್ದವು. ಚಂಪಾ ಕುಕ್ಕರುಗಾಲಲ್ಲಿ ಕೂತು ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಮೇಡಂ ಮುಂದೆ ಇಡುತ್ತಿದ್ದಳು. ಬಿಸಿ ಇದ್ದರೆ ಊದಿ ಇಡುತ್ತಿದ್ದಳು. ನಾನು ಒಣಗಿದ ಬಟ್ಟೆಯ ಹಿಂದೆಯೇ ನಿಂತಿದ್ದು ಒಳಗೆ ಬಂದೆ.

ಗದರಬಹುದಿತ್ತು. ಗದರಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ತಿನ್ನಿಸಿ ನೋಡಿದೆ. ಮರ್ಯಾದೆಯಿಂದ ಎಲ್ಲವನ್ನೂ ಕೆನ್ನೆಯೊಳಗೆ ಇಟ್ಟುಕೊಂಡಳು, ಆಮೇಲೆ ಬಚ್ಚಲಿಗೆ ಹೋಗಿ ಕಕ್ಕಿದಳು, ತಾನೇ ನೀರು ಹಾಕಿ ತೊಳೆದೂ ಬಂದಳು. "ಏನು ಪುಟ್ಟಾ, ಚೆನ್ನಾಗಿಲ್ವಾ?" ಅಂದೆ. "ಚೆನ್ನಾಗಿದೆ" ಅಂದಳು. ಕೈ ಒರೆಸಿಕೊಂಡು, "ಅಮ್ಮನ ಥರ ಇಲ್ಲ" ಅಂದಳು. ದೂರಿನ ದನಿಯಲ್ಲ. ಇವತ್ತು ಬುಧವಾರ ಅನ್ನುವ ಹಾಗೆ ಹೇಳಿದಳು.

ಅಮ್ಮನ ಥರ ಅಂದರೆ ಯಾವ ಥರ ಎಂದು ಅವಳಿಗೆ ಹೇಳಲು ಬರಲಿಲ್ಲ. ನಮ್ಮ ಮನೆಯವರನ್ನು ಕೇಳಿದೆ.

"ರೀ, ವನಜಾಕ್ಷಿ ಅಕ್ಕನ ಸಾರು ಹೇಗಿರ್ತಿತ್ತು?"

"ಚೆನ್ನಾಗಿರ್ತಿತ್ತು."

"ಹುಳಿ ಮುಂದಾ, ಖಾರ ಮುಂದಾ?"

ಅವರು ಬಹಳ ಹೊತ್ತು ಯೋಚಿಸಿದರು. "ಊಟದ ಥರ ಇರ್ತಿತ್ತು" ಅಂದರು.

ಹುಳಿ ಹೆಚ್ಚಿಸಿ ನೋಡಿದೆ, ಬೆಲ್ಲ ಹಾಕಿ ನೋಡಿದೆ, ಕಾಯಿ ಹುರಿದು ನೋಡಿದೆ, ಹುರಿಯದೆ ನೋಡಿದೆ. ಒಲೆಯ ಮುಂದಿನಿಂದ ಕದಲದೆ, ಸೌಟು ಕೆಳಗಿಡದೆ ಮಾಡಿದೆ. ಒಂದಗುಳು ಸೀಯಲಿಲ್ಲ, ಒಂದು ಹನಿ ಉಕ್ಕಲಿಲ್ಲ. ಮೇಡಂ ಎಲ್ಲವನ್ನೂ ಉಂಡಿತು. ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟಾಯಿತು.

ನಮ್ಮ ಮನೆಯವರ ಅಕ್ಕ ಹೊಂಬಾಳಕ್ಕ ಬಂದರು. ಬೇರೆ ಊರಿನವರು, ಜೋರು. ಮಗುವಿನ ಬೆನ್ನು ಸವರಿ ನೋಡಿದವರೇ ತಮ್ಮನನ್ನು ಕರೆದು, "ಏನೋ ಇದು, ಕೋಳಿ ಪಂಜರ ಮುಟ್ಟಿದ ಹಾಗಿದೆ! ಆ ವನಜಾಕ್ಷಿ ಕೈ ಅಂದ್ರೆ ಕೈ. ನಾನು ಬಂದಾಗೆಲ್ಲ ಹೆಂಗ್ ಮಾಡ್ತಿದ್ಲು, ಬೆರಳು ಕಚ್ಕೋಬೇಕು" ಅಂದರು. ನನ್ನ ಕಡೆ ತಿರುಗಿ, "ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲ ಕಣಮ್ಮ. ಹೊಟ್ಟೇಲಿ ಹುಟ್ಟಿದ್ದಲ್ಲ, ಹೆಂಗ್ ತಿಳೀಬೇಕು ನಿಂಗೆ? ಚರ್ಚಿನ ಹಬ್ಬದ ರಜಾ ಬಂದಾಗ ಬರ್ತೀನಿ. ಹಿಂಗೇ ಇದ್ರೆ ಮಗೂನ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಓದ್ಲಿ" ಅಂದರು. ನಮ್ಮ ಮನೆಯವರು ನೆಲ ನೋಡುತ್ತ "ಹೂಂ ಅಕ್ಕ" ಅಂದರು. ಚಂಪಾ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಳು. ಆಮೇಲೆ ತನ್ನ ಸ್ಲೇಟು ಬಳಪಗಳನ್ನು ಒಂದು ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿದಳು. ಯಾರೂ ಹೇಳಿರಲಿಲ್ಲ. ಆ ಚೀಲ ನೋಡಿದಾಗಲೆಲ್ಲ ನನ್ನ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು.

ಹಬ್ಬ ಹತ್ತಿರವಾದಾಗ ಲೂರ್ದಮ್ಮ ನಮ್ಮ ಓಣಿಗೆ ಬಂದು ಮೇಡಂ ಬೆನ್ನು ತಟ್ಟಿ ನೋಡುತ್ತಿದ್ದಳು.

"ಏನವ್ವ, ನಿಮ್ ಓಣೀಲಿ ಯಾರೋ ಇವ್ಳಿಗೆ ಎಲೆ ಹಾಕಿ ಬಡಿಸ್ತಾವ್ರೆ! ನಂಗೇ ಇಷ್ಟು ಮೈ ಬರ್ನಿಲ್ಲ" ಅಂದಳು.

ನಾನು ಬಕೆಟ್ಟಿನ ಬಟ್ಟೆ ಹಿಂಡುತ್ತಿದ್ದೆ.

"ಮರಿ ಹಾಕೋದು ನಿಂತೋಯ್ತು ಕಣವ್ವ. ಈ ಸಲ ಹಬ್ಬಕ್ಕೆ ಇವ್ಳೇ."

"ಇದಕ್ಕೆ ಎಷ್ಟು ವಯಸ್ಸು ಲೂರ್ದಮ್ಮ?"

"ನಿಮ್ಮ ಚಂಪಾ ಅಂಬೆಗಾಲು ಇಡೋವಾಗ ಈ ಓಣಿಗೆ ಬಿಟ್ಟಿದ್ದು. ಅವಾಗಿಂದ ಇವ್ಳೇ."

ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. "ಹಾಗಾದ್ರೆ ವನಜಾಕ್ಷಿ ಅಕ್ಕನ ಕಲಗಚ್ಚೂ ಉಂಡಿದೆ."

ಲೂರ್ದಮ್ಮ ಹಂದಿಯನ್ನು ಬಿಟ್ಟು ನನ್ನನ್ನು ನೋಡಿದಳು. "ಉಂಡವ್ಳೆ" ಅಂದಳು, ನಿಧಾನವಾಗಿ.

"ನನಗೊಂದು ತುಂಡು ಬೇಕು."

"ನಿಮ್ಮೋರು ತಿನ್ನಕಿಲ್ಲವಲ್ಲ."

"ನಮ್ಮೋರಿಗಲ್ಲ. ನನಗೆ."

"ತಿಂದ ಮ್ಯಾಲೆ ತಿಂದಿಲ್ಲ ಅನ್ನಕ್ಕಾಗಕಿಲ್ಲ, ಯೋಚ್ನೆ ಮಾಡು. ನಾನು ಲಗ್ನವಾಗಿ ಬಂದ ವರ್ಸ ನಮ್ಮತ್ತೆ ತಿನ್ಸಿದ್ರು. ನನ್ನ ಅಡ್ಗೆ ಅವ್ರು ಎಷ್ಟು ಎಸ್ದಿದ್ರು ಅಂತ ಅವತ್ತೇ ತಿಳೀತು. ಒಂದು ತಿಂಗ್ಳು ಮಾತಾಡ್ನಿಲ್ಲ ನಾನು."

"ಕೊಬ್ಬಿರೋದು ಕೊಡಿ. ಹಳೇದು ಇರೋದು."

"ಮನೆಗೆ ಕೊಡಕಿಲ್ಲ. ನಮ್ಮ ಜಗಲಿ ಮ್ಯಾಲೆ ಬಂದು ತಿನ್ನು" ಅಂದಳು ಲೂರ್ದಮ್ಮ. "ಒಂದು ಲೋಟ ನೀರು ಪಕ್ಕದಲ್ಲಿಟ್ಟಿರ್ತೀನಿ. ತಡ್ಕೊಳ್ಳಕ್ಕಾಗ್ದಿದ್ರೆ ಕುಡಿ, ಬಾಯಿಗೆ ಬಂದದ್ದೆಲ್ಲ ಹೊಂಟೋಗ್ತದೆ."

ಸಣ್ಣ ಊರಿನಲ್ಲಿ ಮಾತು ಬಟ್ಟೆ ಒಣಗುವುದಕ್ಕಿಂತ ಬೇಗ ಹರಡುತ್ತದೆ. ಸಂಜೆ ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ ಚಂಪಾ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಅವಳಾಗಿ ಅಲ್ಲಿಯವರೆಗೆ ಬಂದದ್ದು ಅದೇ ಮೊದಲು.

"ಮೇಡಂನ ನೀವು ತಿಂತೀರಾ?"

"ಒಂದು ಚೂರು."

"ಬೇಡ."

"ಯಾಕೆ ಪುಟ್ಟಾ?"

"ಹಂದಿ ಚರಂಡೀಲಿ ಇರುತ್ತೆ. ಕೊಬ್ಬು ಜಾಸ್ತಿ. ಬೇಡ ಅಂತ ಹೇಳಿದಾರೆ. ನಮ್ಮಲ್ಲಿ ನಡೆಯಲ್ಲ." ಊರಿನ ಕಾರಣಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಸ್ವಂತ ಕಾರಣ ಅವುಗಳಲ್ಲಿ ಇರಲಿಲ್ಲ, ಕಣ್ಣಲ್ಲಿತ್ತು. ಊಟ ಮೇಡಂಗೆ ಹೋಗ್ತಿರೋದು ನನಗೆ ಮೊದಲೇ ಗೊತ್ತು ಮಗಾ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಾರು ಉಕ್ಕಿ ಬಂತು. "ಇರು, ಬಂದೆ" ಎಂದು ಒಲೆಯ ಕಡೆ ತಿರುಗಿದೆ. ಉರಿ ಇಳಿಸಿ ಈ ಕಡೆ ನೋಡಿದರೆ ಹೊಸ್ತಿಲು ಖಾಲಿ.

ಹಬ್ಬದ ಮಧ್ಯಾಹ್ನ ಮನೆಯಲ್ಲಿ ದೇವರಿಗೆ ದೀಪ ಹಚ್ಚಿಟ್ಟು ಲೂರ್ದಮ್ಮನ ಜಗಲಿಗೆ ಹೋದೆ. ಅವರ ನೆಂಟರು, ಚರ್ಚಿನವರು ಅಂಗಳದಲ್ಲಿ ಸಾಲಾಗಿ ಕೂತು ಊಟಕ್ಕೆ ಕೈ ಹಾಕಿದ್ದರು. ಲೂರ್ದಮ್ಮ ನನಗೊಂದು ಮಣೆ ಹಾಕಿ, ಎಲೆಯ ಮೇಲೆ ಪಕ್ಕೆಯ ತುಂಡೊಂದನ್ನು ಇಟ್ಟು, ನೋಡದವಳಂತೆ ಅತ್ತ ಹೋದಳು. ನಾನು ಕಣ್ಣು ಮುಚ್ಚಿ ಬಾಯಿಗಿಟ್ಟೆ.

ಮೊದಲು ಬಂದದ್ದು ನನ್ನದೇ. ನಿನ್ನೆಯ ಸೊಪ್ಪಿನ ಸಾರು, ಮೊನ್ನೆಯ ಉಪ್ಪಿಟ್ಟು, ಮಗುವಿನ ಹುಟ್ಟಿದ ಹಬ್ಬಕ್ಕೆಂದು ಮಾಡಿದ ಶಾವಿಗೆ ಪಾಯಸ, ದ್ರಾಕ್ಷಿಯ ಸಮೇತ. ಹಿಂದಕ್ಕೆ ಹೋದಷ್ಟೂ ನನ್ನದೇ. ಹುಳಿ ಹೆಚ್ಚಿಸಿದ ದಿನ, ಬೆಲ್ಲ ಹಾಕಿದ ದಿನ, ಕಾಯಿ ಹುರಿದ ದಿನ. ಓಣಿಯ ಬೇರೆ ಮನೆಗಳದ್ದು ನಡುನಡುವೆ ತುಣುಕು ತುಣುಕಾಗಿ ಬರುತ್ತಿತ್ತು, ಹಳಸಿದ ಪಲ್ಯ, ಹುಳಿಬಂದ ಹಿಟ್ಟು, ಕೊಳೆತ ಟೊಮೆಟೊ. ಆಗ ತಿಳಿಯಿತು. ಹಂದಿಗೆ ಯಾರೂ ಒಳ್ಳೆಯದನ್ನು ಹಾಕುವುದಿಲ್ಲ. ಈ ಊರು ತಲೆತಲಾಂತರದಿಂದ ಒಬ್ಬರ ಕೈ ಅಡುಗೆಯನ್ನು ಇನ್ನೊಬ್ಬರು ಕೆಟ್ಟುಹೋದ ಪಾತ್ರೆಗಳಿಂದಲೇ ಅಳೆಯುತ್ತ ಬಂದಿದೆ. ಮೇಡಂ ಹೊಟ್ಟೆಯಲ್ಲಿ ಊಟ ಅಂತ ಇದ್ದದ್ದು ನನ್ನದೊಂದೇ. ಅದೂ ಊದಿ ಆರಿಸಿ ಬಡಿಸಿದ್ದು.

ಅಗಿದೆ. ಇನ್ನೂ ಹಿಂದಕ್ಕೆ ನಮ್ಮ ಮನೆಯವರ ಅಡುಗೆ ಬಂತು. ನಾನು ಬರುವ ಮೊದಲಿನ ತಿಂಗಳುಗಳದ್ದು. ಅರೆಬೆಂದ ಅನ್ನ, ಉಪ್ಪಿಲ್ಲದ ಬೇಳೆ, ಮತ್ತೆ ಅರೆಬೆಂದ ಅನ್ನ. ಅದರ ಹಿಂದೆ ಗಂಜಿ. ತೆಳ್ಳಗಿನ ಗಂಜಿ, ಯಾರೋ ಒಂದು ಗುಟುಕೂ ಕುಡಿಯಲಾರದೆ ಬಿಟ್ಟದ್ದು. ನೀರಿನ ಲೋಟ ಎತ್ತಿಕೊಂಡೆ, ಹಾಗೇ ಕೆಳಗಿಟ್ಟೆ. ನೀರು ಕುಡಿದರೆ ಹೊರಟುಹೋಗುತ್ತದೆಂದು ಲೂರ್ದಮ್ಮ ಹೇಳಿದ್ದಳು.

ಅದರ ಹಿಂದೆ ವನಜಾಕ್ಷಿ.

ಸೀದದ್ದು. ತಳ ಹಿಡಿದ ಹುರುಳಿ ಸಾರು. ಕರಟಿ ಇದ್ದಿಲಾದ ಬೆಳ್ಳುಳ್ಳಿಯ ಒಗ್ಗರಣೆ. ಪಾತ್ರೆಯಿಂದ ಕೆರೆದು ತೆಗೆದ ಅನ್ನದ ಕಂದು ಚಕ್ಕೆ. ಉಕ್ಕಿ ಅರ್ಧ ಒಲೆಗೆ ಸುರಿದ ಹಾಲು. ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷಗಟ್ಟಲೆ. ಮೇಲಿನದನ್ನು ಅಪ್ಪ ಮಗಳು ಉಂಡಿದ್ದಾರೆ, ತಳದ್ದನ್ನು ಮೇಡಂ ಉಂಡಿದೆ. ಹೊಂಬಾಳಕ್ಕ ಬಂದ ದಿನಗಳದ್ದು ಮಾತ್ರ ಏನೂ ಇರಲಿಲ್ಲ. ನೆಂಟರು ಬಂದರೆ ಯಾವ ಹೆಂಗಸೂ ಒಲೆ ಬಿಟ್ಟು ಏಳುವುದಿಲ್ಲ. ಮಗು ಇನ್ನೂ ಮಲಗಿರುವ ಬೆಳಗಿನ ಹೊತ್ತಿನದೂ ಸೀದಿರಲಿಲ್ಲ. ಸಂಜೆಯದೇ ಹೆಚ್ಚು, ಮಗು ಮನೆಯಲ್ಲಿರುವ ಹೊತ್ತಿನದು. ನಾನು ಅದೇ ಮನೆಯ ಅದೇ ಒಲೆಯ ಮುಂದೆ ಕೂರುವವಳು. ಆ ಒಲೆಯ ಮೇಲೆ ಸಾರು ಅಷ್ಟು ಸೀಯಬೇಕಾದರೆ ಎಷ್ಟು ಹೊತ್ತು ಬಿಟ್ಟು ಹೋಗಿರಬೇಕು ಎಂದು ನನಗೆ ಗೊತ್ತು. ಸೆರಗು ಹಿಡಿದು ಎಳೆದವಳು ಯಾರು ಎಂದೂ ಗೊತ್ತು.

ಎಲೆ ಮಡಿಸಿ ಎದ್ದೆ. ಅಂಗಳದಲ್ಲಿ ಕೈ ತೊಳೆಯುತ್ತಿದ್ದವರೆಲ್ಲ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಅವರೂ ಮೇಡಂ ಉಂಡದ್ದನ್ನು ಉಂಡಿದ್ದರು. ನನ್ನ ಪಾಯಸ ಅವರೆಲ್ಲರ ಬಾಯಲ್ಲೂ ಇತ್ತು. "ಉಪ್ಪು ಸರಿಯಾಗಿತ್ತು" ಎಂದು ಒಬ್ಬೊಬ್ಬರೇ ಹೇಳಿದರು. ಚರ್ಚಿನ ಗಂಟೆ ಹೊಡೆಯುವ ಅಂತೋಣಪ್ಪ ಎರಡು ಸಲ ಹೇಳಿದ. ಒಂದು ಸಲ ಹೇಳಿದರೆ ಸಾಕು. ಲೂರ್ದಮ್ಮ ಬಾಗಿಲವರೆಗೆ ಬಂದು, "ಸಿಕ್ತೇನವ್ವ?" ಅಂದಳು. "ಉಪ್ಪು ಸರಿಯಾಗಿತ್ತು ಲೂರ್ದಮ್ಮ" ಅಂದೆ. ಅವಳು ನನ್ನ ಭುಜದ ಮೇಲೊಮ್ಮೆ ಕೈ ಇಟ್ಟು ತೆಗೆದಳು.

ಮರುದಿನ ಹೊಂಬಾಳಕ್ಕ ಬಂದರು. ಮಗುವಿನ ಬೆನ್ನು ಮತ್ತೊಮ್ಮೆ ಸವರಿದರು, ನಾಲಿಗೆ ಲೊಚಗುಟ್ಟಿದರು, "ನಾಳೆ ಬೆಳಗಿನ ಬಸ್ಸಿಗೆ ಹೊರಡೋದೇ" ಅಂದರು. ಗೂಟದಲ್ಲಿದ್ದ ಚೀಲ ಕೆಳಗಿಳಿದು ಬಾಗಿಲ ಪಕ್ಕಕ್ಕೆ ಬಂತು. ನಾನು ಸಂಜೆಯ ಅಡುಗೆಗೆ ಹುರುಳಿ ಸಾರು ಒಲೆಗಿಟ್ಟೆ. ಹಿತ್ತಲ ಮೆಟ್ಟಿಲಲ್ಲಿ ಚಂಪಾ ಒಬ್ಬಳೇ ಕೂತಿದ್ದಳು. ಮೇಡಂ ಬರುವ ಹೊತ್ತು ಅದು. ಓಣಿಯ ತಿರುವಿನ ಕಡೆಗೇ ನೋಡುತ್ತಿದ್ದಳು.

ಸೌಟು ಕೆಳಗಿಟ್ಟು ಹೋಗಿ ಪಕ್ಕದಲ್ಲಿ ಕೂತೆ. ಅವಳು ಸರಿದು ಜಾಗ ಮಾಡಿದಳು.

"ತಿಂದ್ರಾ?"

"ಹೂಂ."

"ಎಲ್ಲಾ ಬಂತಾ ಬಾಯಿಗೆ?"

"ಉಪ್ಪು ಸರಿಯಾಗಿತ್ತು" ಅಂದೆ.

ಅವಳು ಈ ಊರಿನ ಮಗು. ಆ ಮಾತಿನ ಅರ್ಥ ಏನೆಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ಮೆಟ್ಟಿಲಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೆದಕುತ್ತ ಕೂತಳು. ಆಮೇಲೆ ಕಡ್ಡಿ ಬಿಸಾಕಿ, "ಮೇಡಂಗೆ ಬಲಗಡೆ ಕಿವಿ ಕೇಳಿಸ್ತಿರ್ಲಿಲ್ಲ" ಅಂದಳು.

"ಹೌದಾ?"

"ಹೂಂ. ಎಡಗಡೆಯಿಂದ ಕರೀಬೇಕಿತ್ತು. ಅಮ್ಮ ಹೇಳ್ಕೊಟ್ಟಿದ್ದು. ಒಂದಿನ ಏನಾಯ್ತು ಗೊತ್ತಾ..."

ಹೇಳತೊಡಗಿದಳು. ಉದ್ದದ ಕಥೆ. ಅದರಲ್ಲಿ ಮೇಡಂ ಇತ್ತು, ಖುರ್ಷಿದಕ್ಕನ ಬೆಕ್ಕು ಇತ್ತು, ಚರಂಡಿಗೆ ಬಿದ್ದ ಚಪ್ಪಲಿ ಇತ್ತು, ಬಿದ್ದು ಬಿದ್ದು ನಕ್ಕ ಅವಳ ಅಮ್ಮ ಇದ್ದಳು. ನಡುವೆ ಒಳಗಿನಿಂದ ಸಾರು ಉಕ್ಕಿ ಉರಿಗೆ ಬಿದ್ದ ಚುಂಯ್ ಶಬ್ದ ಬಂತು. ನನ್ನ ಮೊಣಕಾಲು ತಾನಾಗಿ ಏಳಲು ನೋಡಿತು. ಕೈಯಿಂದ ಅದುಮಿ ಕೂತೆ. ಆಮೇಲೆ ವಾಸನೆ ಬಂತು. ಚಂಪಾ ಮಾತು ನಿಲ್ಲಿಸಿ ಮೂಗು ಮೇಲೆತ್ತಿದಳು.

"ಸೀಯ್ತಾ ಇದೆ" ಅಂದಳು.

"ಸೀಯ್ಲಿ ಬಿಡು. ಚಪ್ಪಲಿ ಸಿಕ್ತೋ ಇಲ್ವೋ, ಅದು ಹೇಳು."

ಸಿಕ್ಕಿತಂತೆ. ಒಂದೇ.

ಊಟಕ್ಕೆ ಎಲ್ಲರೂ ಕೂತೆವು. ಚಂಪಾ ತಟ್ಟೆ ಹಿಡಿದು ಹಿಂದಕ್ಕೆ ಹೋಗಲಿಲ್ಲ, ಹೋಗಿ ಪ್ರಯೋಜನವೂ ಇರಲಿಲ್ಲ. ಮುದ್ದೆಯ ಮೇಲೆ ಸಾರು ಬಡಿಸಿದೆ. ಕಪ್ಪು ಚೂರುಗಳು ತೇಲುತ್ತಿದ್ದವು. ಹೊಂಬಾಳಕ್ಕ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಅಯ್ಯಯ್ಯೋ! ಪೂರಾ ಸೀದೋಗಿದೆಯಲ್ಲೇ! ಇದನ್ನ ಮನುಷ್ಯರು ತಿಂತಾರಾ? ತಗೊಂಡೋಗಿ ಹಂದಿಗೆ ಹಾಕು."

ನಮ್ಮ ಮನೆಯವರ ತುತ್ತು ಬಾಯಲ್ಲೇ ಇತ್ತು, ನುಂಗಿರಲಿಲ್ಲ. ಯಾರೋ ಹಿಂದಿನಿಂದ ಕರೆದ ಹಾಗೆ ಕೂತಿದ್ದರು.

ನಾನು ಚಂಪಾಳ ತಟ್ಟೆ ತೆಗೆಯಲು ಕೈ ಚಾಚಿದೆ. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಮುದ್ದೆ ಮುರಿದಳು, ಅದ್ದಿದಳು, ಊದಿದಳು, ನುಂಗಿದಳು. ಮತ್ತೆ ಮುರಿದಳು. ತಟ್ಟೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಬೆರಳು ನೆಕ್ಕಿ, ಅತ್ತೆಯ ಕಡೆ ತಿರುಗಿ, ದೊಡ್ಡವರ ಹಾಗೆ ಗಂಭೀರವಾಗಿ ಹೇಳಿದಳು:

"ಉಪ್ಪು ಸರಿಯಾಗಿದೆ."

ಮತ್ತೆ ಬಡಿಸಿಕೊಂಡಳು. ಬೆಳಗಿನ ಬಸ್ಸಿಗೆ ಹೊಂಬಾಳಕ್ಕ ಒಬ್ಬರೇ ಹೋದರು.

ಅವರನ್ನು ಕಳಿಸಿ ಬಂದು ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಸೀದ ತಳ ಬಿಡಿಸಲು ಬೂದಿ ಸಾಲದೆ ಮರಳೂ ಹಾಕಬೇಕಾಯಿತು. ಲೂರ್ದಮ್ಮ ನಮ್ಮ ಓಣಿಗೆ ಹೊಸದಾಗಿ ಬಿಟ್ಟಿದ್ದ ಎಳೆಯ ಹಂದಿಯೊಂದು ದಾರಿ ಹುಡುಕಿಕೊಂಡು ನಮ್ಮ ಹಿಂಬಾಗಿಲಿಗೆ ಬಂತು. ಮಡಕೆಯೊಳಗೆ ಮೂತಿ ಇಳಿಸಿ ಆಡಿಸಿತು. ತಟ್ಟೆ ತೊಳೆದ ನೀರು ಬಿಟ್ಟು ಅದರಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಪಕ್ಕದ ಮನೆಗೆ ಹೋಯಿತು.